ಪಾದಯಾತ್ರಿಕನ ಕಾರು

ಅಂಗಳಕ್ಕೆ ನೀರು ಚಿಮುಕಿಸುವುದನ್ನು ಅರ್ಧಕ್ಕೇ ಬಿಟ್ಟು ಪುಷ್ಪಲತಾ ಕಾರಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಟ್ಟಲಲ್ಲಿ ಶೇಂಗಾ ಎಣ್ಣೆ, ಕೈಯಲ್ಲಿ ಹಳೇ ಬನಿಯನ್ನಿನ ಚೂರು. ಟಾರು ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಹಚ್ಚಿ ನೆನೆಯಲು ಬಿಡಬೇಕು. ಬಿಡುವಷ್ಟು ಹೊತ್ತು ಅವಳಿಗಿರಲಿಲ್ಲ.

"ಏನ್ ಪುಷ್ಪಾ, ಗಾಲಿಗೂ ಎಣ್ಣಿ ಸ್ನಾನ ಮಾಡ್ಸಾಕತ್ತೀಯಲ್ಲ. ಯಾವ ಹಬ್ಬನವ್ವ?"

ಎದುರು ಮನೆಯ ನಾಗಲಿಂಗಮ್ಮ. ಕೈಯಲ್ಲಿ ಪೊರಕೆ, ಗುಡಿಸುವ ಕೆಲಸ ಮರೆತೇಹೋಗಿತ್ತು.

"ಕೆಸರು, ಅಕ್ಕಾ."

"ಕೆಸರು ಹಿಂಗ ಮಿಂಚ್ತತೇನು? ಟಾರದು." ನಾಗಲಿಂಗಮ್ಮ ಬಗ್ಗಿ ಮೂಸಿಯೂ ನೋಡಿದಳು. "ಹೊಸಾ ಟಾರು ಹಾಕಿರೋದು ಕೊಟ್ಟೂರು ರಸ್ತೆಗಷ್ಟೇ ಅಲ್ಲೇನು?"

ಪುಷ್ಪಲತಾ ಬಟ್ಟೆ ಚೂರನ್ನು ಮತ್ತೆ ಎಣ್ಣೆಗೆ ಅದ್ದಿದಳು. ಇಷ್ಟು ಬೇಗ ಸಿಕ್ಕಿಬೀಳುತ್ತದೆಂದು ಎಣಿಸಿರಲಿಲ್ಲ.

ಗಂಡ ಸೋಮಶೇಖರ್‌ಗೆ ಹರಪನಹಳ್ಳಿಯಲ್ಲಿ ಸಿಮೆಂಟಿನ ಅಂಗಡಿ. ನಿನ್ನೆ ಬರಿಗಾಲಲ್ಲಿ ಕೊಟ್ಟೂರಿಗೆ ನಡೆದು ಹರಕೆ ತೀರಿಸಿ, ಬಸ್ಸಿನಲ್ಲಿ ವಾಪಸು ಬಂದಿದ್ದ. ಹಾಗಂತ ಅವನೇ ಹೇಳಿದ್ದು. ಹೋದ ವರ್ಷವೂ ಹಾಗೇ ಹೇಳಿದ್ದ. ಕುಂಟುತ್ತ ಬಂದು ಶಾಲು ಹೊದ್ದಿದ್ದ, ಹಾರಕ್ಕೆ ಕೊರಳು ಒಡ್ಡಿದ್ದ. ಆಮೇಲೆ ಯಾರೋ ಪುಣ್ಯಾತ್ಮರು ಒಂದು ಫೋಟೊ ಹಂಚಿದರು: ಟೆಂಪೊದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಮಿರ್ಚಿ ಮೆಲ್ಲುತ್ತಿರುವ ಪಾದಯಾತ್ರಿಕ. ಪುಷ್ಪಲತಾ ಹಿಟ್ಟಿನ ಗಿರಣಿಗೆ ಹೋದರೆ ಸಾಕು, "ನಿಮ್ಮ ಮನಿಯವರ ಪಾದ ಎಷ್ಟು ಮೈಲೇಜ್ ಕೊಡ್ತಾವಬೇ?" ಎಂದು ಹೆಂಗಸರು ಕೇಳುತ್ತಿದ್ದರು.

ಆ ಕಳಂಕ ತೊಳೆಯಲೆಂದೇ ಈ ಸಲದ ನಡಿಗೆ. ಇವತ್ತು ಪಾದಯಾತ್ರೆ ಬಳಗದ ಹಿರಿಯರಾದ ಗುರುಸಂಗಪ್ಪನವರು ಮನೆಗೇ ಬಂದು ಶಾಲು ಹೊದಿಸಿದರೆ ಮಾನ ಉಳಿಯಿತು. ಇಲ್ಲವಾದರೆ ಬಳಗದಿಂದ ಹೊರಗೆ, ಊರವರ ಬಾಯಿಗೆ.

ಸೋಮಶೇಖರ್ ಕುಂಟುತ್ತ ಹೊರಗೆ ಬಂದ. ಗಾಲಿ ನೋಡಿದ. ಮುಖ ಸುಣ್ಣವಾಯಿತು.

"ಯಾರು ತಗಂಡಿದ್ರು ನನ್ನ ಕಾರು?"

"ಮತ್ಯಾರು ತಗೀತಾರಪ್ಪ?" ನಾಗಲಿಂಗಮ್ಮ ನಕ್ಕಳು. "ಈ ಮನ್ಯಾಗ ಸ್ಟೇರಿಂಗ್ ಹಿಡಿಯೋ ಗಂಡಸು ನೀನೊಬ್ನೇ."

ಅದು ನಿಜ. 'ಹೆಂಗಸರು ಕಾರು ತೊಳೀಲಿ, ಓಡ್ಸೋದು ನಮಗಿರ್ಲಿ' ಎಂಬುದು ಅವನ ಸಿದ್ಧಾಂತ. ಹೆಂಡತಿ ಒಮ್ಮೆ ಆಸೆಪಟ್ಟು ಕೇಳಿದಾಗ, "ಕೂಡ್ಲಿಗಿಗೆ ಹೋಗಿ ನಿಮ್ಮಣ್ಣನ ಹತ್ರ ಕಲಿ ಹೋಗು" ಎಂದು ಗಹಗಹಿಸಿದ್ದ. ಪುಷ್ಪಲತಾ ಗಂಡನ ಮಾತು ಮೀರಿದವಳಲ್ಲ.

"ಅಮ್ಮಾ, ಒಂದು ಕೇಳ್ಲಾ?" ಮಗಳು ಅಮೃತಾ ಸೆರಗು ಜಗ್ಗಿದಳು.

"ಆಮ್ಯಾಲ, ಬಂಗಾರಾ." ಪುಷ್ಪಲತಾ ಒಳಗೋಡಿ ಒಗ್ಗರಣೆ ಮಂಡಕ್ಕಿ ತಂದು ಮಗಳ ಬಾಯಿ ತುಂಬಿದಳು.

ಅಷ್ಟರಲ್ಲಿ ಗುರುಸಂಗಪ್ಪನವರು ಬಂದರು. ಹಿಂದೆ ಅರ್ಧ ಓಣಿ. ನಾಗಲಿಂಗಮ್ಮ ಪೊರಕೆಯಿಂದ ಗಾಲಿ ತೋರಿಸಿದಳು. ಹಿರಿಯರು ಬಿಚ್ಚಿದ್ದ ಶಾಲನ್ನು ಮತ್ತೆ ಮಡಚಿದರು.

"ಹೋದ್ ವರ್ಷ ಮಂದಿ ಟೆಂಪೊ, ಈ ವರ್ಷ ಸ್ವಂತ ಕಾರು. ಏಳಿಗಿ ಆಗೇತಿ ಬಿಡಪ್ಪ."

"ಕೊಟ್ಟೂರಜ್ಜನ ಆಣಿ, ಕಾಕಾ! ನಡದೀನಿ!" ಸೋಮಶೇಖರ್ ಜಗಲಿಯ ಮೇಲೆ ಕೂತು ಅಂಗಾಲು ಎತ್ತಿ ಹಿಡಿದ. ಬೊಬ್ಬೆ ಒಡೆದಿದ್ದವು, ಬೆರಳಸಂದಿಯಲ್ಲಿ ಕಪ್ಪು ಅಂಟಿತ್ತು. "ನೋಡ್ರಿ, ಟಾರು!"

"ಗಾಲಿ ಮುಟ್ಟಿ ಕಾಲಿಗೆ ಸವರ್ಕೊಂಡೀಯೇನು?"

ಓಣಿ ಗೊಳ್ಳೆಂದಿತು.

"ಜೊತಿಗೆ ಯಾರಿದ್ರು?"

"ಒಬ್ನೇ ಹೋದೆ ಕಾಕಾ. ಹೋದ್ ವರ್ಷದ್ದು ಆದ ಮ್ಯಾಲೆ ನನ್ನ ಜೋಡಿ ಯಾರು ಬರ್ತಾರ?"

"ಅಂದ್ರ ನೀನು ನಡದದ್ದು ನೋಡಿದವರು ಯಾರೂ ಇಲ್ಲ."

ಸೋಮಶೇಖರ್ ಹೆಂಡತಿಯ ಕಡೆ ತಿರುಗಿದ. "ಪುಷ್ಪಾ, ನೀನರ ನಂಬ್ತೀಯಿಲ್ಲ?"

"ನಂಬ್ತೀನ್ರಿ," ಎಂದಳು ಪುಷ್ಪಲತಾ. ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಒಬ್ಬಿಬ್ಬರು ನಗು ನಿಲ್ಲಿಸಿದರು. ಆದರೆ ಅವಳು ಯಾರ ಮುಖವನ್ನೂ ನೋಡದೆ ಮತ್ತೆ ಗಾಲಿಗೆ ಬಗ್ಗಿದಳು.

"ಪಾಪ, ಗಂಡನ ಮಾನ ಮುಚ್ಚಾಕ ನಸುಕಿನಾಗಿಂದ ತಿಕ್ಕಾಕತ್ಯಾಳ," ನಾಗಲಿಂಗಮ್ಮ ನಿಟ್ಟುಸಿರಿಟ್ಟಳು. "ಇಂಥಾಕಿ ಸಿಗಾಕ ಪುಣ್ಯ ಮಾಡಿರಬೇಕು."

ಗುರುಸಂಗಪ್ಪನವರು ಶಾಲು ಬಗಲಿಗಿಟ್ಟುಕೊಂಡು ಹೊರಟರು. ಸೋಮಶೇಖರ್ ಮೊಣಕಾಲ ನಡುವೆ ಮುಖ ಹುದುಗಿಸಿದ. ಅವನ ಹೆಗಲು ಅಲುಗುವುದನ್ನು ನೋಡಿ ಅಮೃತಾ ಬಾಯಲ್ಲಿದ್ದ ಮಂಡಕ್ಕಿ ನುಂಗಿದಳು. ತಾಯಿಯ ಕೈ ಎಣ್ಣೆಯಾಗಿತ್ತು. ಈ ಸಲ ಬಾಯಿ ಮುಚ್ಚಲು ತಡವಾಯಿತು.

"ಅಮ್ಮಾ, ನಿನ್ನೆ ನೀನು ಕಾರ್ ಓಡ್ಸಿಕೊಂಡು ಅಪ್ಪನ ಹಿಂದಿಂದ ಕೊಟ್ಟೂರ ತನಕ ಹೋಗಿ, ಈ ಸಲ ಖರೇನ ನಡದಾರ ಅಂತ ಅತ್ತಿದ್ಯಲ್ಲ, ಅದನ್ನ ಇವ್ರಿಗೆ ಯಾಕ ಹೇಳವಲ್ಲಿ?"