ಸುತ್ತಿಗೆ ಸದ್ದು

ಬ್ರಿಟನ್ನಿನ ಆ ಪಂಪು ಕಾರ್ಖಾನೆಯಲ್ಲಿ ಹಳೆಯ ಪದ್ಧತಿಯೊಂದಿತ್ತು. ಯಾರಾದರೂ ಕೆಲಸ ಬಿಟ್ಟು ಹೋಗುವ ದಿನ, ಅವರು ಬಾಗಿಲು ದಾಟುವವರೆಗೂ ಉಳಿದವರೆಲ್ಲ ಸುತ್ತಿಗೆ ಹಿಡಿದು ಕಬ್ಬಿಣದ ಮೇಜುಗಳನ್ನು ಬಡಿಯುತ್ತಿದ್ದರು. ಆ ಗದ್ದಲದಲ್ಲಿ ಹೋಗುವವರು ಅತ್ತರೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಮ್ಯಾನೇಜರ್ ವಾಮನಮೂರ್ತಿಗೆ ಇವತ್ತು ಬೆಳಿಗ್ಗೆಯಿಂದ ಆ ಸದ್ದೇ ನೆನಪಾಗುತ್ತಿತ್ತು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಇಲ್ಲಿ ತಯಾರಾದ ಪಂಪುಗಳು ಕಾಗದಪತ್ರಕ್ಕೆ ಕಾಯುತ್ತ ಬಂದರಿನಲ್ಲೇ ಬಿದ್ದಿರುತ್ತಿದ್ದವು. ಜರ್ಮನಿಯ ಗಿರಾಕಿಗಳು ಕಾದು ಕಾದು ಬೇರೆ ಕಡೆ ಹೋಗಿದ್ದರು. ಈಗ ಕಾರ್ಖಾನೆಯೇ ಪೋಲೆಂಡಿಗೆ ಹೊರಟಿತ್ತು. ಯಂತ್ರಗಳ ಜತೆ ವಾಮನಮೂರ್ತಿಯೂ ಹೋಗುವುದೆಂದು ಗುಟ್ಟಾಗಿ ಮಾತಾಗಿತ್ತು. ಕೆಲಸ ಹೋಗುತ್ತದೆಂದು ಕೆಲಸಗಾರರಿಗೆ ಊಟದ ನಂತರ ಅವನೇ ಹೇಳಬೇಕಿತ್ತು.

ಬೆಳಿಗ್ಗೆ ಫೋರ್‌ಮನ್ ಕೀತ್ ಕೋಣೆಗೆ ಬಂದು ಕೇಳಿದ್ದ. "ಏನಾದ್ರೂ ಸುದ್ದಿ ಇದೆಯಾ?"

"ಏನೂ ಇಲ್ಲ ಕೀತ್."

"ಇದ್ರೆ ನಮಗೆ ಮೊದಲು ಹೇಳ್ತೀರಲ್ಲ?"

"ಹೇಳದೆ ಇರ್ತೀನಾ."

ಕೀತ್ ಹೋದ ಮೇಲೆ ವಾಮನಮೂರ್ತಿ ಫೋನ್ ಆಫ್ ಮಾಡಿ, ಹೇಳಬೇಕಾದ ಮಾತುಗಳನ್ನು ಒಬ್ಬನೇ ಗುನುಗುತ್ತ ಕೂತಿದ್ದ.

ಊಟದ ಹೊತ್ತು ಮುಗಿದು ಅವನು ಮೆಟ್ಟಿಲಿಳಿದಾಗ ಯಾರೂ ಯಂತ್ರ ಚಾಲೂ ಮಾಡಿರಲಿಲ್ಲ. ಎಲ್ಲರ ಕೈಯಲ್ಲೂ ಸುತ್ತಿಗೆ ಇತ್ತು.

"ಇವತ್ತು ಯಾರು ಹೋಗ್ತಿರೋದು?" ಎಂದು ಕೇಳಿದ.

ಕೀತ್ ವಾಮನಮೂರ್ತಿಯ ಕೋಟನ್ನು ಕೈಯಲ್ಲಿ ಹಿಡಿದು ನಿಂತಿದ್ದ.

"ನಿಮ್ಮ ಫೋನ್ ಸಿಗಲಿಲ್ಲ ಅಂತ ಹೆಡ್ ಆಫೀಸಿನವರು ನನಗೇ ಮಾಡಿದ್ರು. ನಮಗಿನ್ನೂ ಮೂರು ತಿಂಗಳು ಕೆಲಸ ಇದೆಯಂತೆ, ನಿಮಗೆ ಇವತ್ತೇ ಕೊನೆಯಂತೆ. ಪೋಲೆಂಡಿಗೆ ಅಲ್ಲಿನವರೇ ಒಬ್ಬರು ಮ್ಯಾನೇಜರ್ ಸಿಕ್ಕಿದ್ದಾರಂತೆ. ನಿಧಾನಕ್ಕೆ ನಡೀರಿ, ಬಾಗಿಲ ತನಕ ಬಡೀತೀವಿ."