ಚಹಾ ಕುಡಿದ ಕೈ

ಚಹಾ ಕುಡಿದ ಮೇಲೆ ಕೈಯನ್ನು ಐಸ್ ನೀರಿನಲ್ಲಿ ಅದ್ದದೆ ಯಾರೂ ಸೇತುವೆ ಮುಟ್ಟುವುದಿಲ್ಲ. ಜೀವವಿರುವ ಕಾಂಕ್ರೀಟು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆ, ಆದರೆ ಬೆಚ್ಚಗಿರುವ ಕಡೆಗೇ ಬೆಳೆಯುತ್ತದೆ. ಆ ದಿನ ಸೇತುವೆ ದುರಸ್ತಿಯ ಕೆಲಸಕ್ಕಿದ್ದ ಫಕೀರವ್ವ ಮರೆತಳು. ಬಿಸಿ ಲೋಟ ಕೆಳಗಿಟ್ಟವಳೇ ಸೇತುವೆಯ ಎರಡು ಹಾಸುಗಳು ಕೂಡುವ ಜಾಯಿಂಟಿನ ಸಂದಿಗೆ ಕೈಹಾಕಿ, ಹರಿದ ಹಳೇ ರಬ್ಬರನ್ನು ಎಳೆಯತೊಡಗಿದಳು.

“ಅಣ್ಣಾ, ಹಿಡೀತು!”

ಮೇಸ್ತ್ರಿ ಮೌಲಾಸಾಬ ಓಡಿಬಂದ. ಬೂದು ಕಾಂಕ್ರೀಟು ಅವಳ ಬೆರಳುಗಳನ್ನು ನುಂಗಿ ಬಳೆಗಳತ್ತ ಏರುತ್ತಿತ್ತು. ಪಕ್ಕದ ಸಾಲಿನಲ್ಲಿ ಲಾರಿಗಳು ಹಾದಂತೆಲ್ಲ ಸೇತುವೆ ನಡುಗುತ್ತಿತ್ತು. ಬಕೆಟ್ಟಿನ ಐಸ್ ಬಿಸಿಲಿಗೆ ಕರಗಿ ನೀರು ಕಾದಿತ್ತು. ಹೊಸ ಐಸ್ ಇದ್ದದ್ದು ಸೇತುವೆಯ ಆ ತುದಿಯ ವ್ಯಾನಿನಲ್ಲಿ.

“ಎಳಕೊಳ್ಳಲೇನು?”

“ಬ್ಯಾಡ, ಎಳದ್ರ ಇನ್ನೂ ಬಿಗಿ ಹಿಡೀತೈತಿ. ಸುಮ್ನ ಕುಂದ್ರು.”

ಅವನು ಚಹಾದ ಕೆಟಲನ್ನು ಎರಡೂ ಅಂಗೈಗಳಿಂದ ತಬ್ಬಿ ಹಿಡಿದು ಹಲ್ಲು ಕಚ್ಚಿದ. ಅಂಗೈ ಕೆಂಪಾದ ಮೇಲೆ ಮಂಡಿಯೂರಿ, ಅವಳ ಕೈಯ ಪಕ್ಕದಲ್ಲೇ ಎರಡನ್ನೂ ಒತ್ತಿದ.

ಕಾಂಕ್ರೀಟು ಒಂದು ಗಳಿಗೆ ಅನುಮಾನಿಸಿತು. ಆಮೇಲೆ ಅವಳ ಬಳೆ ಬಿಟ್ಟಿತು, ಬೆರಳು ಬಿಟ್ಟಿತು, ಅವನ ಮಣಿಕಟ್ಟಿಗೆ ಏರಿತು.

ಫಕೀರವ್ವ ಐಸ್ ತರಲು ವ್ಯಾನಿನ ಕಡೆ ಓಡಿದಳು.

“ಓಡಬ್ಯಾಡ ತಂಗಿ!” ಮೌಲಾಸಾಬ ಹಿಂದಿನಿಂದ ಕೂಗಿದ. “ಓಡಿದ್ರ ಮೈ ಕಾಯತೈತಿ. ಬಿಸಿ ಮೈಲೆ ಬಂದ್ರ ಅದು ಮತ್ತ ನಿನ್ನ ಹಿಡೀತೈತಿ. ಸಾವಕಾಶ ನಡಕೋತ ಹೋಗು.”

ಲಾರಿಗಳೆಲ್ಲ ಅವಳನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಮೊಣಕೈವರೆಗೆ ಕಲ್ಲಾಗುತ್ತಿದ್ದವನಿಗಾಗಿ ಫಕೀರವ್ವ ಮೆಲ್ಲಗೆ, ಮೆಲ್ಲಗೆ ನಡೆದಳು.