ಕೊಬ್ಬರಿ ಎಣ್ಣೆ ತಾಗಬಾರದ ಸಿಲಿಂಡರು

ಹೊನ್ನಾವರದ ದೋಣಿ ಧಕ್ಕೆಯಲ್ಲಿ ಅಂದು ಮದುಮಗಳಾಗಿದ್ದ ಚಿಕ್ಕಮ್ಮ, ಅಜ್ಜಿ, ನಾನು, ಇಡೀ ದಿಬ್ಬಣ ನಿಂತಿದ್ದೆವು. ಹೊಳೆ ದಾಟಿಸಬೇಕಾದ ಲಾಂಚಿನ ಸರಪಳಿ ಕಲ್ಲುಗಳ ನಡುವೆ ಸಿಕ್ಕಿಬಿದ್ದಿತ್ತು, ಗರಗಸಕ್ಕೂ ಜಗ್ಗಲಿಲ್ಲ. ಮುಹೂರ್ತ ಮೀರುತ್ತಿತ್ತು. ಗ್ಯಾಸ್ ವೆಲ್ಡಿಂಗಿನ ಕಾರ್ಬೈಡ್ ವಾಸನೆ ಬಡಿದರೆ ಈಗಲೂ ನನಗೆ ಆ ಮಧ್ಯಾಹ್ನವೇ ನೆನಪು.

ಸರಪಳಿ ಕತ್ತರಿಸಲು ಬಂದ ಭಟ್ಕಳದ ವೆಲ್ಡಿಂಗ್ ಸಾಹೇಬರ ಆಕ್ಸಿಜನ್ ಸಿಲಿಂಡರಿನ ವಾಲ್ವು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಅಜ್ಜಿ ಕೊಬ್ಬರಿ ಎಣ್ಣೆಯ ಕುಪ್ಪಿ ಹಿಡಿದು ಓಡಿದಳು.

“ಅಮ್ಮಾ, ನಿಲ್ಲಿ! ಎಣ್ಣೆ ತಾಗಿದ್ರೆ ಸಿಡೀತದೆ!”

“ಎಂತ ಸಾಯ್ಬ್ರೇ, ನಮ್ಮನೆ ಬಾಗ್ಲಿಗೂ ಇದೇ ಹಚ್ಚೂದು!”

“ನಿಮ್ಮ ಬಾಗ್ಲು ಧಕ್ಕೆ ಹಾರಿಸೂದಿಲ್ಲ, ಅಮ್ಮಾ!”

ಅಜ್ಜಿ ಚಿಕ್ಕಮ್ಮನನ್ನು ಎಳೆದುಕೊಂಡು ಹಿಂದೆ ಸರಿದಳು. ಸಾಹೇಬರು ಕೈಯನ್ನು ಸೋಪಿನಲ್ಲಿ ತೊಳೆದು, ಒಣಗಿಸಿ, ಕಪ್ಪು ಕನ್ನಡಕ ಹಾಕಿ, ವಾಲ್ವಿಗೆ ಒಣ ಬಟ್ಟೆ ಸುತ್ತಿ ಬಿಗಿಹಿಡಿದು ಮೆಲ್ಲಗೆ ತಿರುಗಿಸಿದರು. ಗ್ಯಾಸ್ ಹಚ್ಚಿದೊಡನೆ ಕೈಯಲ್ಲಿದ್ದ ನಳಿಗೆಯ ತುದಿಯಲ್ಲಿ ಭುಸ್ಸೆಂದು ನೀಲಿ ಬೆಂಕಿ! ಕಿಡಿಗಳ ಮಳೆಯಲ್ಲಿ ಸರಪಳಿ ಹರಿದುಬಿತ್ತು. ದಿಬ್ಬಣವೆಲ್ಲ ಕೇಕೆ ಹಾಕಿತು.

ಹೊಳೆಯಾಚೆ ಚಿಕ್ಕಮ್ಮನನ್ನು ಧಾರೆ ಎರೆದುಕೊಡುವಾಗ ಸಾಹೇಬರು ಮುಂದಿನ ಸಾಲಿನಲ್ಲಿ, ಅಜ್ಜಿಯ ಪಕ್ಕದಲ್ಲೇ ಕೂತಿದ್ದರು.